ಇಂಕು ನೋಡಲು ನಾನು ಹಾಳೆ ಆರಿಸಿದ್ದು ಹೀಗೆ

ಹೊಸ ಇಂಕು ತಂದ ಕೂಡಲೇ ಕೈಗೆ ಸಿಕ್ಕ ಹಾಳೆಯಲ್ಲಿ ಗೀಚಿ ನೋಡುತ್ತೇವೆ, ಅಲ್ವಾ? ಸುಮ್ನೆ ನೋಡುವುದಕ್ಕೆ ಅಷ್ಟು ಸಾಕು. ಆದರೆ ಎರಡು ಇಂಕುಗಳನ್ನು ಹೋಲಿಸಬೇಕು ಅಂತಾದರೆ ಸಾಲದು. ಹಾಳೆ ಬದಲಾದರೆ ಅದೇ ಬಾಟಲಿಯ ಇಂಕು ಬೇರೆ ಇಂಕೇ ಅನ್ನುವಷ್ಟು ಬದಲಾಗುತ್ತದೆ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲು ಮಾಷ್ಟ್ರು. ದಿನವಿಡೀ ಇಂಕ್ ಪೆನ್ನಿನಲ್ಲೇ ಬರೆಯುವುದು, ಮಕ್ಕಳ ಪುಸ್ತಕ ತಿದ್ದುವುದೂ ಅದರಲ್ಲೇ. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡಿದ್ದೇನೆ.

ಮೊದಲು ತೀರ್ಮಾನಿಸಬೇಕಾದದ್ದು, ನಮಗೆ ಏನು ಗೊತ್ತಾಗಬೇಕು ಅಂತ. ಇಂಕಿನ ನಿಜವಾದ ಬಣ್ಣ, ಗೆರೆಯ ಒಳಗೇ ತಿಳಿಯಿಂದ ದಟ್ಟಕ್ಕೆ ಹೋಗುವ ಚಂದ, ಕೆಲವು ನೀಲಿಗಳ ಮೇಲೆ ಮಿನುಗುವ ಕೆಂಪು ಹೊಳಪು, ಇವೆಲ್ಲ ಒಂದು ಪ್ರಶ್ನೆ. ಆಫೀಸು ರಿಜಿಸ್ಟರಿನಲ್ಲಿ ಬರೆದರೆ ಹರಡುತ್ತದಾ, ಹಿಂದಿನ ಪುಟಕ್ಕೆ ಇಳಿಯುತ್ತದಾ ಅನ್ನುವುದು ಇನ್ನೊಂದು ಪ್ರಶ್ನೆ. ಎರಡಕ್ಕೂ ಒಂದೇ ಹಾಳೆಯಲ್ಲಿ ಉತ್ತರ ಸಿಗುವುದಿಲ್ಲ. ಒಳ್ಳೆಯ ಹಾಳೆಯಲ್ಲಿ ಎಲ್ಲ ಇಂಕೂ ಒಳ್ಳೆಯ ಇಂಕೇ. ಕೆಟ್ಟ ಹಾಳೆಯಲ್ಲಿ ಎಲ್ಲ ನೀಲಿಯೂ ಒಂದೇ ನೀಲಿ.

ಅಂಗಡಿಯಲ್ಲಿ ಹಾಳೆ ಕೇಳಿದರೆ ಮೊದಲು ಬರುವ ಮಾತು ಜಿಎಸ್‌ಎಂ. "ಮಾಷ್ಟ್ರೇ, ಇದು ನೂರು ಜಿಎಸ್‌ಎಂ, ಇಂಕು ಹರಡುವುದೇ ಇಲ್ಲ ನೋಡಿ" ಅಂತ ಪೇಟೆಯ ಅಂಗಡಿಯವರು ಪ್ರೀತಿಯಿಂದಲೇ ಹೇಳುತ್ತಾರೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅಂತ, ಅಷ್ಟೇ. ಇಂಕು ನಿಲ್ಲುತ್ತದೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಜಪಾನಿನ ಟೊಮೋಯೆ ರಿವರ್ ಅನ್ನುವ ಕಾಗದ ಬರೀ 52 ಜಿಎಸ್‌ಎಂ. ಹಿಂದಿನ ಪುಟದ ಬರಹದ ನೆರಳು ಕಾಣುವಷ್ಟು ತೆಳು, ಆದರೂ ಇಂಕು ಹರಡುವುದಿಲ್ಲ. ಅತ್ತ ದಪ್ಪದ ಡ್ರಾಯಿಂಗ್ ಹಾಳೆ ಕೆಲವು ಸಲ ಇಂಕನ್ನು ಬೇರು ಬಿಟ್ಟಂತೆ ಎಳೆದುಕೊಳ್ಳುತ್ತದೆ. ವ್ಯತ್ಯಾಸ ಇರುವುದು ಸೈಜಿಂಗ್‌ನಲ್ಲಿ. ಕಾಗದ ಮಾಡುವಾಗ ನಾರು ನೀರನ್ನು ಬೇಗ ಹೀರದ ಹಾಗೆ ತಿರುಳಿಗೇ ಒಂದು ರಾಸಾಯನಿಕ ಸೇರಿಸುತ್ತಾರೆ, ಎಷ್ಟೋ ಕಾಗದಗಳಿಗೆ ಮೇಲಿನಿಂದ ಸ್ಟಾರ್ಚ್ ಕೂಡ ಹಚ್ಚುತ್ತಾರೆ. ಈ ಸೈಜಿಂಗ್ ಗಟ್ಟಿಯಾಗಿದ್ದರೆ ಇಂಕಿನ ಬಣ್ಣ ಮೇಲೆಯೇ ನಿಂತು ಒಣಗುತ್ತದೆ, ಹೊಳಪು ಕಾಣುವುದೂ ಅದರಿಂದಲೇ. ಆದರೆ ಒಣಗುವುದು ತಡ, ಕೈ ತಾಗಿದರೆ ಬಳಿದು ಹೋಗುತ್ತದೆ.

ಕಾಗದದ ಕಾರ್ಖಾನೆಗಳಲ್ಲಿ ಇದನ್ನು ಅಳೆಯುವ ಕಾಬ್ ಪರೀಕ್ಷೆ ಅಂತ ಒಂದಿದೆ. ಸಾಮಾನ್ಯವಾಗಿ 60 ಸೆಕೆಂಡಿನಲ್ಲಿ ಕಾಗದ ಎಷ್ಟು ನೀರು ಕುಡಿಯಿತು ಅಂತ ತೂಕ ಹಾಕಿ ನೋಡುತ್ತಾರೆ. ನಮ್ಮ ಮನೆಯಲ್ಲಿ ಅಂಥ ತಕ್ಕಡಿ ಎಲ್ಲಿಂದ ಬರಬೇಕು! ಒಂದು ಹನಿ ನೀರು ಬಿಟ್ಟು ಮೊಬೈಲಿನಲ್ಲಿ ಹೊತ್ತು ನೋಡುತ್ತೇನೆ. ಹನಿ ಗುಂಡಗೆ ನಿಂತರೆ ಆ ಹಾಳೆ ಇಂಕಿಗೂ ನಿಲ್ಲುತ್ತದೆ. ಕೂಡಲೇ ಚಪ್ಪಟೆಯಾಗಿ ಒಳಗಿಳಿದರೆ ಅದನ್ನು ಬದಿಗಿಡುವುದು.

ಈಗ ನನ್ನ ಹತ್ತಿರ ಮೂರು ಬಗೆಯ ಹಾಳೆ ಇದೆ. ಬಣ್ಣ ನೋಡುವುದಕ್ಕೆ ಫ್ರಾನ್ಸಿನ ರೋಡಿಯಾ ಅನ್ನುವ ಬ್ರಾಂಡಿನ 80 ಜಿಎಸ್‌ಎಂ ಪ್ಯಾಡು. ದುಬಾರಿ ಹೌದು, ಆದರೆ ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ಪ್ಯಾಡು ತುಂಬಾ ಕಾಲ ಬರುತ್ತದೆ. ದಿನದ ಬಳಕೆಗೆ ಹೇಗೆ ಅಂತ ನೋಡುವುದಕ್ಕೆ 75 ಜಿಎಸ್‌ಎಂ ಕಾಪಿಯರ್ (ಜೆರಾಕ್ಸ್) ಹಾಳೆ, ಯಾಕಂದ್ರೆ ಶಾಲೆಯ ಆಫೀಸಿನಲ್ಲೂ ಪಂಚಾಯತಿನಲ್ಲೂ ಕೈಗೆ ಸಿಗುವುದು ಅದೇ. ಮೂರನೆಯದು ಮಕ್ಕಳು ಬಳಸುವ ಸಾಮಾನ್ಯ ನೋಟ್‌ಪುಸ್ತಕ, ಇದು ಇಂಕಿನ ಕೆಟ್ಟ ಮುಖ ತೋರಿಸುವ ಹಾಳೆ. ಕಾಪಿಯರ್‌ನಲ್ಲಿ ಕಬ್ಬಿನ ಸಿಪ್ಪೆಯ ತಿರುಳು ಸೇರಿಸಿ ಮಾಡಿದ್ದು ನನಗೆ ಒಳ್ಳೆಯದೇ ಕಂಡಿದೆ, ತಮಿಳುನಾಡಿನ ಕರೂರಿನ ಟಿಎನ್‌ಪಿಎಲ್ ಕಾರ್ಖಾನೆ ಅಂಥ ಕಾಗದ ಮಾಡುತ್ತದೆ. ಯಾವುದೇ ಆಗಲಿ, ಇಡೀ ರೀಮ್, ಅಂದರೆ ಐನೂರು ಹಾಳೆಯ ಕಟ್ಟು, ಒಟ್ಟಿಗೆ ತೆಗೆದುಕೊಳ್ಳುವುದು ಒಳ್ಳೆಯದು. ಅದೇ ಹೆಸರಿನ ಕಾಗದ ಮುಂದಿನ ವರ್ಷ ಬೇರೆ ಥರ ಇದ್ದರೆ ಹಳೆಯ ಹೋಲಿಕೆಗಳೆಲ್ಲ ದಂಡ. ರೀಮಿನ ಹೊದಿಕೆಯಲ್ಲಿ ಎಷ್ಟೋ ಸಲ ಒಂದು ಬಾಣದ ಗುರುತು ಇರುತ್ತದೆ, ಮೊದಲು ಪ್ರಿಂಟ್ ಮಾಡಬೇಕಾದ ಮಗ್ಗುಲು ಯಾವುದು ಅಂತ. ಹಾಳೆಯ ಎರಡು ಮಗ್ಗುಲು ಒಂದೇ ಥರ ಇರುವುದಿಲ್ಲ, ಯಾವಾಗಲೂ ಒಂದೇ ಮಗ್ಗುಲಲ್ಲಿ ಬರೆಯಬೇಕು.

ಇನ್ನು ಏನು ಬರೆಯುವುದು? ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಬಿಡುವವರು ಜಾಸ್ತಿ. ನಮ್ಮ ಲಿಪಿಗೆ ಅದು ಸಾಲದು. ಇಂಕು ಸ್ವಲ್ಪ ಹರಡಿದರೂ ಮೊದಲು ಮುಚ್ಚಿಹೋಗುವುದು ಒತ್ತಕ್ಷರದ ಸಣ್ಣ ಸುಳಿಗಳು. ನಾನು "ಲಕ್ಷ್ಮಿ", "ಜ್ಯೋತ್ಸ್ನೆ", "ರಾಷ್ಟ್ರ" ಅಂತ ಸಣ್ಣಗೆ ಬರೆದು ನೋಡುತ್ತೇನೆ. ತ್ಸ್ನ ದ ಒಳಗೆ ಬಿಳಿ ಕಾಣುತ್ತಾ ಇದ್ದರೆ ಇಂಕೂ ಹಾಳೆಯೂ ಪಾಸು. ಕಾಸರಗೋಡಿನವರಿಗೆ ಹೇಗೂ ಮಲಯಾಳವೂ ಬೇಕು, ಅದರ ಗುಂಡು ಕೂಡಕ್ಷರಗಳಿಗೂ ಇದೇ ಪಾಡು.

ಎಲ್ಲಕ್ಕಿಂತ ದೊಡ್ಡ ತೊಂದರೆ ನಮ್ಮ ಊರಿನ ಮಳೆ. ಕಾಗದದ ಪರೀಕ್ಷೆಗೆ ಅಂತರರಾಷ್ಟ್ರೀಯ ಕ್ರಮ 23 ಡಿಗ್ರಿ ಸೆಲ್ಸಿಯಸ್, 50 ಶೇಕಡಾ ಆರ್ದ್ರತೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಇಲ್ಲಿ ಅಷ್ಟು ಒಣಗಾಳಿ ಕನಸು. ಹೊರಗಿಟ್ಟ ಹಾಳೆ ತೇವ ಕುಡಿದು ಹಳಸಿದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ, ಮಾರ್ಚಿನಲ್ಲಿ ಚೂಪಾಗಿ ನಿಂತ ಗೆರೆ ಜುಲೈಯಲ್ಲಿ ಅಂಚು ಒಡೆಯುತ್ತದೆ, ಒಣಗುವುದಂತೂ ಮುಗಿಯದ ಕಥೆ. ಹಾಗಾಗಿ ಹಾಳೆಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ, ಬೇಕಾದಾಗ ಒಂದೊಂದೇ ತೆಗೆಯುವುದು. ಹೋಲಿಸಬೇಕಾದ ಇಂಕುಗಳನ್ನು ಒಂದೇ ದಿನ, ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯುತ್ತೇನೆ. ಬೇಸಿಗೆಯ ಹಾಳೆಯನ್ನು ಮಳೆಗಾಲದ ಹಾಳೆಯ ಪಕ್ಕ ಇಟ್ಟು ತೀರ್ಪು ಕೊಡುವುದು ಇಂಕಿಗೆ ಮಾಡುವ ಅನ್ಯಾಯ. ಕೈಯ ಬೆವರು, ತಲೆಗೆ ಹಚ್ಚಿದ ಎಣ್ಣೆ ಹಾಳೆಗೆ ತಾಗಿದರೂ ಅಲ್ಲಿ ಇಂಕು ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಅಂಗೈ ಕೆಳಗೆ ಇನ್ನೊಂದು ಹಾಳೆ ಇಟ್ಟುಕೊಳ್ಳುತ್ತೇನೆ.

ಪೆನ್ನು ಒಂದೇ ಇರಬೇಕು, ಪ್ರತಿ ಇಂಕಿಗೂ ತೊಳೆದು ಒಣಗಿಸಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಬಳಿದ ಪಟ್ಟೆ ನೋಡಲು ಚಂದ, ಆದರೆ ನಿಬ್ಬಿನ ಗೆರೆಗಿಂತ ದಟ್ಟ, ಅದನ್ನು ನಂಬಿ ಇಂಕು ಕೊಳ್ಳಬೇಡಿ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಪೂರ್ತಿ ಒಣಗಿದ ಮೇಲೆ ನೋಡಬೇಕು. ಕಾಪಿಯರ್ ಹಾಳೆಯ ಬಿಳಿಯಲ್ಲಿ ಹೊಳಪಿನ ರಾಸಾಯನಿಕದಿಂದ ಬಂದ ನೀಲಿ ಛಾಯೆ ಇರುತ್ತದೆ, ಕೆನೆ ಬಣ್ಣದ ಹಾಳೆಯಲ್ಲಿ ಅದೇ ನೀಲಿ ಇಂಕು ತುಸು ಹಸಿರಿಗೆ ವಾಲುತ್ತದೆ. ಕಬ್ಬಿಣದ ಲವಣ ಸೇರಿಸಿ ಮಾಡುವ ಐರನ್ ಗಾಲ್ ಇಂಕಾದರೆ ಕೆಲವು ದಿನ ಕಾಯಬೇಕು, ಅದು ಗಾಳಿ ತಾಗಿ ನಿಧಾನಕ್ಕೆ ಕಪ್ಪಾಗುವ ಜಾತಿ.

ತಿದ್ದುವ ಕೆಂಪು ಇಂಕಿಗೆ ಮಾತ್ರ ಪ್ಯಾಡೂ ಬೇಡ, ಕಾಪಿಯರೂ ಬೇಡ. ಅದನ್ನು ನೇರವಾಗಿ ಮೂರನೆಯ ಹಾಳೆಯಲ್ಲೇ, ನೋಟ್‌ಪುಸ್ತಕದಲ್ಲೇ ನೋಡುತ್ತೇನೆ. ಹಿಂದಿನ ಪುಟಕ್ಕೆ ಇಳಿದರೆ ಆ ಇಂಕು ಎಷ್ಟು ಚಂದ ಇದ್ದರೂ ಶಾಲೆಗೆ ಒಯ್ಯುವುದಿಲ್ಲ, ಮಕ್ಕಳು ಆ ಮಗ್ಗುಲಲ್ಲೂ ಬರೆಯಬೇಕಲ್ಲ.