ಸಮುದ್ರ ಮೀನಿನ ರಕ್ತದಲ್ಲಿ ಪರಾವಲಂಬಿ ಹುಡುಕುವಾಗ ನಾನು ಮಾಡುವುದು

ಮೀನಿನ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅದಕ್ಕೇ ಸ್ಲೈಡುಗಳನ್ನೆಲ್ಲ ಒರೆಸಿ, ಜೋಡಿಸಿಟ್ಟ ಮೇಲೆಯೇ ಮೀನು ಹಿಡಿಯುತ್ತೇನೆ. ಅರಿವಳಿಕೆ ಕೊಟ್ಟು, ಬಾಲದ ಬುಡದಲ್ಲಿ ಬೆನ್ನುಮೂಳೆಯ ಕೆಳಗಿರುವ ರಕ್ತನಾಳಕ್ಕೆ ಸೂಜಿ ಹಾಕುತ್ತೇನೆ. ಅದಕ್ಕೂ ಮೊದಲು ಆ ಜಾಗದ ಲೋಳೆ, ನೀರು ಚೆನ್ನಾಗಿ ಒರೆಸಬೇಕು. ಇಲ್ಲದಿದ್ದರೆ ಚರ್ಮದ ಮೇಲಿನ ಜೀವಿಗಳೂ ರಕ್ತದ ಜೊತೆ ಬಂದು ಸೇರುತ್ತವೆ.

ಮೊದಲ ಹನಿಯನ್ನು ಬಣ್ಣ ಹಾಕದೆ ಹಸಿಯಾಗಿಯೇ ನೋಡುತ್ತೇನೆ. ಟ್ರಿಪಾನೊಸೋಮ್ (ರಕ್ತದಲ್ಲಿ ಈಜಾಡುವ ಏಕಕೋಶ ಪರಾವಲಂಬಿ) ಇದ್ದರೆ ಅದರ ಮೈ ಕಾಣುವ ಮೊದಲೇ ಓಡಾಟ ಕಣ್ಣಿಗೆ ಬೀಳುತ್ತದೆ. ಎಲ್ಲ ಕಣಗಳೂ ಸುಮ್ನೆ ಬಿದ್ದಿರುವಾಗ ಒಂದು ಕಡೆ ಮಾತ್ರ ತಳ್ಳಾಟ. ಅಲ್ಲಿ ನಿಂತು ನೋಡಿದರೆ ಗಾಜಿನಂಥ ಉದ್ದ ಮೈ, ಅದರ ಅಂಚಿಗೆ ಅಲೆಯಾಡುವ ಪೊರೆ. ಸಂಖ್ಯೆ ತೀರಾ ಕಡಿಮೆ ಇದ್ದರೆ ರಕ್ತವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಸೆಂಟ್ರಿಫ್ಯೂಜ್ ಮಾಡಿ, ಕೆಂಪು ಕಣಗಳ ಮೇಲೆ ಕೂರುವ ಬಿಳಿ ಪದರದ ಸುತ್ತ ಹುಡುಕುತ್ತೇನೆ.

ಆಮೇಲೆ ತೆಳುವಾದ ಸ್ಮಿಯರ್, ಅಂದರೆ ಸ್ಲೈಡಿನ ಮೇಲೆ ಸವರಿದ ರಕ್ತದ ಪದರ. ಒಣಗಿಸಿ, ಮೆಥನಾಲ್‌ನಲ್ಲಿ ಅದ್ದಿ, ಪಿಎಚ್ 7.2ರ ಬಫರ್‌ನಲ್ಲಿ ಕಲಸಿದ ಗೀಮ್ಸಾ ಎಂಬ ಬಣ್ಣ ಹಾಕುತ್ತೇನೆ.

ಜಾಸ್ತಿ ತಾಳ್ಮೆ ಬೇಕಾಗುವುದು ಓದುವಾಗ. ನಮ್ಮ ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಮೀನಿನ ಕಣಕ್ಕೆ ಇದೆ. ಹಾಗಾಗಿ ಮೊಟ್ಟೆಯಾಕಾರದ ಕಣದ ನಡುವೆ ನೇರಳೆ ಚುಕ್ಕೆ ಕಂಡರೆ ಅದು ಪರಾವಲಂಬಿ ಅಲ್ಲ. ನಾನು ನೋಡುವುದು ಆ ನ್ಯೂಕ್ಲಿಯಸ್ ಪಕ್ಕಕ್ಕೆ ಸರಿದಿದೆಯಾ ಎಂದು. ಕೆಂಪು ಕಣದೊಳಗೆ ಬದುಕುವ ಹೀಮೋಗ್ರೆಗರಿನ್ ಎಂಬ ಏಕಕೋಶ ಪರಾವಲಂಬಿ ಸೇರಿಕೊಂಡರೆ ನ್ಯೂಕ್ಲಿಯಸನ್ನು ಒಂದು ಬದಿಗೆ ಒತ್ತುವುದುಂಟು. ಹೀಮೋಗ್ರೆಗರಿನಾ ಬೈಜೆಮಿನಾ ಎಂಬ ಜಾತಿಯಲ್ಲಂತೂ ಒಂದೇ ಕಣದೊಳಗೆ ಎರಡು ಜೀವಿಗಳು ಅಕ್ಕಪಕ್ಕ ಮಲಗಿರುತ್ತವೆ. ಮಲೇರಿಯಾದ ಪರಾವಲಂಬಿಯನ್ನು ಮೊದಲು ಕಂಡ ಲಾವೆರಾನ್, ಮೆಸ್ನಿಲ್ ಜೊತೆ ಸೇರಿ 1901ರಲ್ಲಿ ಇದನ್ನು ವಿವರಿಸಿದ್ದರು. ಆ ಜೋಡಿ ಲೆನ್ಸಿನಡಿ ಸಿಕ್ಕಾಗ ಈಗಲೂ ಖುಷಿಯಾಗುತ್ತದೆ.

ನ್ಯೂಕ್ಲಿಯಸ್ ಪಕ್ಕದಲ್ಲಿ ದುಂಡನೆಯ ಒಂದೇ ಕಲೆ ಇದ್ದರೆ ನಾನು ಹೆಸರಿಡಲು ಅವಸರ ಮಾಡುವುದಿಲ್ಲ. ಕೆಂಪು ಕಣಗಳನ್ನು ಹಾಳುಮಾಡುವ ಒಂದು ವೈರಸ್ ಕೂಡ ಹೀಗೇ ಕಾಣಿಸುತ್ತದೆ. ಹಿಂದೆ ಪರಾವಲಂಬಿ ಎಂದು ಹೆಸರು ಪಡೆದ ಕೆಲವು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ವೈರಸ್ ಎಂದು ಗೊತ್ತಾಯಿತು.

ರಕ್ತ ಮಾತ್ರ ನೋಡಿದರೆ ಅರ್ಧ ಕೆಲಸ ಅಷ್ಟೇ. ಪರಾವಲಂಬಿಯನ್ನು ಮೀನಿನಿಂದ ಮೀನಿಗೆ ಸಾಗಿಸುವವರು ಬೇಕಲ್ವಾ? ಒಂದೊಂದು ಮೀನನ್ನೂ ಬೇರೆ ಬೇರೆ ಬಕೆಟ್‌ನಲ್ಲಿ ಇಡುತ್ತೇನೆ, ಏಕೆಂದರೆ ರಕ್ತ ಹೀರಿ ಹೊಟ್ಟೆ ತುಂಬಿದ ಜಿಗಣೆ ಕಳಚಿ ಬಿದ್ದರೆ ಅದು ಯಾವ ಮೀನಿನದು ಎಂದು ತಿಳಿಯಬೇಕು. ಉತ್ತರ ಅಟ್ಲಾಂಟಿಕ್‌ನ ಕಾಡ್ (cod) ಎಂಬ ಮೀನಿಗೆ ಟ್ರಿಪಾನೊಸೋಮ್ ದಾಟಿಸುವುದು ಜೊಹಾನ್ಸೋನಿಯಾ ಆರ್ಕ್ಟಿಕಾ ಎಂಬ ಜಿಗಣೆ. ಕಿವಿರಿನ ಒಳಗೆ ನಾಥಿಯಾ ಮರಿಗಳೂ ಅಂಟಿರುತ್ತವೆ. ಇವು ಸಿಗಡಿಯ ದೂರದ ಬಂಧುಗಳು. ಮರಿಯಾಗಿದ್ದಾಗ ಮಾತ್ರ ರಕ್ತ ಹೀರುತ್ತವೆ, ದೊಡ್ಡವಾದ ಮೇಲೆ ಏನೂ ತಿನ್ನುವುದಿಲ್ಲ. ರಕ್ತ ಕುಡಿದ ಮರಿಗಳನ್ನು ಸಮುದ್ರದ ನೀರಿನಲ್ಲೇ ಇಟ್ಟುಕೊಂಡು, ಬೇರೆ ಬೇರೆ ದಿನ ಒಂದೊಂದನ್ನು ಸ್ಲೈಡಿನ ಮೇಲೆ ಹಿಸುಕಿ ಗೀಮ್ಸಾ ಹಾಕುತ್ತೇನೆ. ಮೀನಿನಲ್ಲಿ ಕಂಡಿದ್ದು ಇಲ್ಲಿ ಬರೀ ಜೀರ್ಣವಾಗುತ್ತಿದೆಯೋ, ಬೆಳೆಯುತ್ತಿದೆಯೋ ಎಂಬುದು ಆ ಸ್ಲೈಡುಗಳನ್ನು ಸಾಲಾಗಿ ಇಟ್ಟು ನೋಡಿದಾಗ ತಿಳಿಯುತ್ತದೆ. ಅದೇ ಮೀನಿನ ಒಂದು ಹನಿ ರಕ್ತ ಡಿಎನ್‌ಎ ಪರೀಕ್ಷೆಗೆಂದು ಎಥನಾಲ್‌ನಲ್ಲಿ, ಸ್ಲೈಡಿನದೇ ನಂಬರ್ ಬರೆದು ಇಟ್ಟಿರುತ್ತೇನೆ.