ಗುಮಾಸ್ತರ ಕಣ್ಣ ಮುಂದಿನ ಸಾಲು ಹಾರಬಾರದು

ರಾಯಚೂರಿನ ಗಂಜ್‌ನಲ್ಲಿ ಒಂದು ಅಡತಿ (ಕಮಿಷನ್ ಮೇಲೆ ಮಾಲು ಮಾರಿಕೊಡುವ) ಅಂಗಡಿಗೆ ನಾನು ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಕಾಟಾ (ತೂಕದ ಯಂತ್ರ) ಹತ್ತಿರದ ಕಂಪ್ಯೂಟರ್‌ನಲ್ಲಿ ಹತ್ತಿಯ ಲಾಟುಗಳನ್ನು ಎಂಟ್ರಿ ಮಾಡುತ್ತಾರೆ. ಒಳಗೆ ಗುಮಾಸ್ತರು ಅದನ್ನೇ ನೋಡಿ ರೈತರ ಪಟ್ಟಿ (ಲೆಕ್ಕದ ಚೀಟಿ) ಮಾಡುತ್ತಾರೆ. ಭಾಷೆ ಸಿ ಶಾರ್ಪ್, ಪರದೆಗಳಿಗೆ ವಿಂಡೋಸ್ ಫಾರ್ಮ್ಸ್. ಹಳೇದು ಅಂತ ಮೂಗು ಮುರಿಯುವವರಿದ್ದಾರೆ, ಇರಲಿ. ಅಂಗಡಿಯ ಹಳೇ ಕಂಪ್ಯೂಟರ್‌ಗೆ ಇದು ಚೆನ್ನಾಗಿ ಒಗ್ಗಿದೆ.

ಒಳಗಿನ ಗ್ರಿಡ್ (ಲಾಟುಗಳು ಸಾಲುಸಾಲಾಗಿ ಕಾಣುವ ಕೋಷ್ಟಕ) ಆಗಾಗ ತಾನೇ ರಿಫ್ರೆಶ್ ಆಗುತ್ತದೆ. ಹತ್ತಿ ಸೀಸನ್ ಜೋರಾದಾಗ ಗುಮಾಸ್ತರ ಫೋನ್ ಬಂತು: "ಸರ, ನಾ ನೋಡ್ತಿದ್ದ ಲಾಟು ಎಲ್ಲಿ ಹೋತ್ರಿ? ಮತ್ತ ಮ್ಯಾಲಿಂದ ಹುಡುಕಬೇಕಾಗೇತಿ."

ಡೇಟಾಗ್ರಿಡ್‌ವ್ಯೂ ಅನ್ನೋದು ಈ ಗ್ರಿಡ್ಡಿನ ಹೆಸರು, ಅದರ ಸ್ವಭಾವವೇ ಅದು. 2005ರಲ್ಲಿ ಡಾಟ್‌ನೆಟ್ 2.0 ಜೊತೆ ಬಂದದ್ದು. ಹೊಸ ಡೇಟಾಸೋರ್ಸ್ (ತೋರಿಸಬೇಕಾದ ಮಾಹಿತಿ) ಕೊಟ್ಟರೆ ಹಳೇ ಸಾಲುಗಳನ್ನು ಬಿಟ್ಟು ಮೇಲಿಂದ ಶುರು ಮಾಡುತ್ತದೆ. ಅದಕ್ಕೆ ಮದ್ದು 'ಫಸ್ಟ್ ಡಿಸ್‌ಪ್ಲೇಯ್ಡ್ ಸ್ಕ್ರೋಲಿಂಗ್ ರೋ ಇಂಡೆಕ್ಸ್' ಅನ್ನೋ ಪ್ರಾಪರ್ಟಿ. ಹೆಸರು ಉದ್ದ, ಕೆಲಸ ಸಣ್ಣದು. ಮೇಲ್ತುದಿಯಲ್ಲಿ ಕಾಣುವ ಸಾಲು ಎಷ್ಟನೇದು ಅಂತ ಹೇಳುತ್ತದೆ. ನಾವೇ ನಂಬರ್ ಕೊಟ್ಟರೆ ಆ ಸಾಲನ್ನು ಮೇಲಕ್ಕೆ ತಂದು ನಿಲ್ಲಿಸುತ್ತದೆ.

ಆದರೆ ಸಾಲಿನ ನಂಬರ್ ಇಟ್ಟುಕೊಂಡರೆ ಸಾಲದು. ಗುಮಾಸ್ತರು ದರದ ಪ್ರಕಾರ ಜೋಡಿಸಿಕೊಂಡಿರುತ್ತಾರೆ, ಹೊಸ ಲಾಟು ನಡುವೆ ತೂರಿಕೊಂಡರೆ ನಂಬರ್ ಬದಲಾಗುತ್ತದೆ. ಹಾಗಾಗಿ ನಾನು ಲಾಟ್ ನಂಬರನ್ನೇ ಹಿಡಿದಿಟ್ಟು, ರಿಫ್ರೆಶ್ ಆದ ಮೇಲೆ ಅದು ಯಾವ ಸಾಲಿನಲ್ಲಿದೆ ಅಂತ ಹುಡುಕುತ್ತೇನೆ. ಬೆಳಿಗ್ಗೆ ಗ್ರಿಡ್ ಖಾಲಿ ಇದ್ದಾಗ ಈ ಪ್ರಾಪರ್ಟಿ ಮೈನಸ್ 1 ಕೊಡುತ್ತದೆ. ಅದನ್ನೇ ತಿರುಗಿ ಕೊಟ್ಟರೆ ಎರರ್. ಕೋಡ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಕ್ರಮವೂ ಮುಖ್ಯ. ಕರೆಂಟ್ ಸೆಲ್ (ಈಗ ಆಯ್ಕೆಯಾಗಿರುವ ಚೌಕ) ಮೊದಲು, ಸ್ಕ್ರೋಲ್ ಆಮೇಲೆ. ಯಾಕಂದ್ರೆ ಕರೆಂಟ್ ಸೆಲ್ ಕೊಟ್ಟ ಕೂಡಲೇ ಗ್ರಿಡ್ ಅದನ್ನು ಕಾಣಿಸಲು ತಾನೇ ಸರಿಯುತ್ತದೆ. ಉಲ್ಟಾ ಮಾಡಿದರೆ ನಾವು ಇಟ್ಟ ಜಾಗ ಹೋಯಿತು.

ಕಾಟಾ ಹತ್ತಿರದ ಹುಡುಗನಿಗೆ ಬೇಕಾದ್ದು ಬೇರೆ. ಹೊಸ ಲಾಟು ಬಂದರೆ ಗ್ರಿಡ್ ತಾನಾಗಿ ಕೆಳಗಿಳಿಯಬೇಕು. ಆದರೆ ಆತ ಹಳೇ ತೂಕ ನೋಡಲು ಮೇಲೆ ಹೋಗಿದ್ದರೆ ಎಳೆದು ತರಬಾರದು, ಅಲ್ವಾ? ರಿಫ್ರೆಶ್‌ಗೆ ಮುಂಚೆ ಮೇಲ್ತುದಿಯ ಇಂಡೆಕ್ಸ್‌ಗೆ 'ಡಿಸ್‌ಪ್ಲೇಯ್ಡ್ ರೋ ಕೌಂಟ್' (ಪರದೆಯಲ್ಲಿ ಕಾಣುವ ಸಾಲುಗಳ ಸಂಖ್ಯೆ) ಕೂಡಿಸುತ್ತೇನೆ. ಒಟ್ಟು ಸಾಲುಗಳಷ್ಟು ಬಂದರೆ ಆತ ಕೊನೆಯಲ್ಲೇ ಇದ್ದಾನೆ. ಆಗ ಮಾತ್ರ ಕೆಳಗಿಳಿಸುತ್ತೇನೆ. ಬಳಸುವವರು ತಾವಾಗಿ ಸರಿಸಿದ ಜಾಗವನ್ನು ಪ್ರೋಗ್ರಾಂ ಮುಟ್ಟಬಾರದು ಅನ್ನೋದು ನನ್ನ ಹಟ.

ಹಮಾಲಿ, ಲಾರಿ ಬಾಡಿಗೆ, ಮುಂಗಡ ಬರೆಯುವ ಫಾರ್ಮ್ ಉದ್ದವಿದೆ, ಅದು ಸ್ಕ್ರೋಲ್ ಆಗುವ ಪ್ಯಾನೆಲ್ ಒಳಗೆ. ಇಲ್ಲಿ 'ಆಟೋ ಸ್ಕ್ರೋಲ್ ಪೊಸಿಷನ್' (ಎಷ್ಟು ಸರಿದಿದೆ ಅನ್ನೋ ಲೆಕ್ಕ) ವಿಚಿತ್ರ. 300 ಪಿಕ್ಸೆಲ್ ಕೆಳಗಿದ್ದರೆ ಓದುವಾಗ ಮೈನಸ್ 300 ಅನ್ನುತ್ತದೆ, ಕೊಡುವಾಗ ಪ್ಲಸ್ 300 ಬೇಕು. ಓದಿದ್ದನ್ನೇ ಹಾಗೇ ಕೊಟ್ಟರೆ ಸುಮ್ನೆ ಮೇಲಕ್ಕೆ ಹೋಗಿ ಕೂರುತ್ತದೆ. ಚಿಹ್ನೆ ತಿರುಗಿಸಿ ಕೊಡಿ.

ಫೋಕಸ್ (ಟೈಪ್ ಮಾಡುವ ಬಾಕ್ಸ್) ಬದಲಾದಾಗಲೂ ಪ್ಯಾನೆಲ್ ಹಾರುತ್ತದೆ. ಹಾಗೆ ಸರಿಯುವ ಜಾಗ ಹೇಳುವ 'ಸ್ಕ್ರೋಲ್ ಟು ಕಂಟ್ರೋಲ್' ಮೆಥಡ್ಡನ್ನು ಓವರ್‌ರೈಡ್ ಮಾಡಿ 'ಡಿಸ್‌ಪ್ಲೇ ರೆಕ್ಟ್ಯಾಂಗಲ್'ನ ಲೊಕೇಶನ್ (ಈಗಿರುವ ಜಾಗ) ವಾಪಸ್ ಕೊಟ್ಟರೆ ಅದು ನಿಲ್ಲುತ್ತದೆ. ಆದರೆ ಪೂರ್ತಿ ನಿಲ್ಲಿಸಿದರೆ ಟ್ಯಾಬ್ ಒತ್ತುತ್ತಾ ಹೋಗುವವರಿಗೆ ಕೆಳಗಿನ ಬಾಕ್ಸ್ ಕಾಣುವುದಿಲ್ಲ. ಅದಕ್ಕೇ ಒಂದು ಫ್ಲ್ಯಾಗ್ (ಹೌದು-ಇಲ್ಲ ಗುರುತು) ಇಟ್ಟು, ರಿಫ್ರೆಶ್ ನಡೆಯುವಾಗ ಮಾತ್ರ ತಡೆಯುತ್ತೇನೆ.