ಪೈಪೋಟಿ ಇರುವ ಮನೆಗೆ ಎಷ್ಟು ಬೆಲೆ ಹೇಳುವುದು?

ಮನೆ ನೋಡಲು ಹೋಗಿದ್ದೀರಿ. ಅಡುಗೆಮನೆಯ ನಲ್ಲಿ ತಿರುಗಿಸಿ ನೀರಿನ ರಭಸ ನೋಡುವಷ್ಟರಲ್ಲಿ ಇನ್ನೊಂದು ಕುಟುಂಬ ಒಳಗೆ ಬರುತ್ತದೆ. ಮಲಗುವ ಕೋಣೆಯಲ್ಲಿ ಯಾರೋ ಆಗಲೇ ಟೇಪು ಹಿಡಿದು, ಮಂಚ ಹಿಡಿಸುತ್ತದೆಯೇ ಎಂದು ಅಳೆಯುತ್ತಿದ್ದಾರೆ. ದಲ್ಲಾಳಿ ಪಕ್ಕಕ್ಕೆ ಬಂದು ದನಿ ತಗ್ಗಿಸಿ, ‘ಎರಡು ಆಫರ್ ಬಂದಾಗಿದೆ. ನಿಮ್ಮದೇನಿದ್ದರೂ ನಾಳೆ ಸಂಜೆಯೊಳಗೆ ಹೇಳಿಬಿಡಿ’ ಎನ್ನುತ್ತಾರೆ. ಹತ್ತು ನಿಮಿಷದ ಹಿಂದೆ ‘ಪರವಾಗಿಲ್ಲ’ ಎನಿಸಿದ್ದ ಮನೆ, ಕೈತಪ್ಪಿದರೆ ಮತ್ತೆ ಇಂಥದು ಸಿಗದು ಎನಿಸತೊಡಗುತ್ತದೆ.

ನಾನೂ ಒಮ್ಮೆ ಹೀಗೆ ಸಿಕ್ಕಿಹಾಕಿಕೊಂಡಿದ್ದೆ. ರಾತ್ರಿ ಒಂಬತ್ತೂವರೆಗೆ ಬಂದ ಫೋನಿಗೆ ಹೆದರಿ ಹತ್ತೇ ನಿಮಿಷದಲ್ಲಿ ಎರಡು ಸಲ ಬೆಲೆ ಏರಿಸಿದೆ. ನನಗಿಂತ ಹೆಚ್ಚು ಕೊಡುತ್ತಾರೆನ್ನಲಾದ ಆ ‘ಇನ್ನೊಬ್ಬರು’ ನಿಜವಾಗಿ ಇದ್ದರೋ ಇಲ್ಲವೋ, ದೇವರಿಗೇ ಗೊತ್ತು. ಮೊದಲ ಸಲ ಏರಿಸಿದ್ದಕ್ಕೆ ಒಂದು ಲೆಕ್ಕವಾದರೂ ಇತ್ತು. ಎರಡನೆಯ ಸಲಕ್ಕೆ ಭಯವೊಂದೇ ಕಾರಣ.

ಹಾಗಾಗಿ ಲೆಕ್ಕವನ್ನು ಫೋನ್ ಬರುವ ಮೊದಲೇ ಮುಗಿಸಿಟ್ಟುಕೊಳ್ಳಬೇಕು. ಊರು ಯಾವುದಾದರೂ ಆಗಲಿ, ಮಾರುವವರು ಕೇಳುತ್ತಿರುವ ಬೆಲೆಯನ್ನು 100 ಎಂದು ಇಟ್ಟುಕೊಂಡು ಒಂದು ಮನೆಯ ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡೋಣ.

1. ಮೊದಲು ಕೈಯಲ್ಲಿರುವ ಹಣ

ಇದನ್ನು ಒಂದೂ ಮನೆ ನೋಡುವ ಮುಂಚೆ ಮಾಡಬೇಕು. ಬ್ಯಾಂಕು ಎಷ್ಟು ಸಾಲ ಕೊಡುತ್ತದೆ ಎಂಬುದು ಒಂದು ಅಂಕಿ, ಎಷ್ಟು ಕಂತು ಕಟ್ಟಿಯೂ ನೀವು ರಾತ್ರಿ ನಿದ್ದೆ ಮಾಡಬಲ್ಲಿರಿ ಎಂಬುದು ಇನ್ನೊಂದು. ಎರಡನೆಯದೇ ನಿಮ್ಮದು. ನೋಂದಣಿ, ಮುದ್ರಾಂಕ ಶುಲ್ಕ, ವಕೀಲರ ಶುಲ್ಕ, ಸಾಗಾಟ, ಹೊಸ ಮನೆಯ ಮೊದಲ ರಿಪೇರಿ ಇವಿಷ್ಟನ್ನೂ ಕಳೆದು, ಆರು ತಿಂಗಳ ಮನೆಖರ್ಚನ್ನು ಮುಟ್ಟದಂತೆ ಬದಿಗಿಟ್ಟು, ಉಳಿದದ್ದನ್ನು ಮಾತ್ರ ಕೈಯಲ್ಲಿರುವ ಹಣ ಎಂದು ಬರೆದುಕೊಳ್ಳಿ.

‘ಇನ್ನೊಂದಿಷ್ಟು ಏರಿಸಿದರೆ ಕಂತಿನಲ್ಲಿ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ’ ಎಂಬ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಶೇ 9ರ ಬಡ್ಡಿಯಲ್ಲಿ 20 ವರ್ಷದ ಸಾಲವಾದರೆ, ಹೆಚ್ಚುವರಿಯಾಗಿ ಪಡೆದ ಪ್ರತಿ 1ಕ್ಕೆ ಸುಮಾರು 2.16 ಮರಳಿಸುತ್ತೀರಿ. ಕಂತು ಚಿಕ್ಕದಾಗಿ ಕಾಣುವುದು ಅದು 240 ತುಂಡಾಗಿರುವುದರಿಂದ ಅಷ್ಟೇ.

2. ಕೇಳಿದ ಬೆಲೆಯನ್ನು ಮರೆತು, ಮಾರಾಟವಾದ ಬೆಲೆಯನ್ನು ಹುಡುಕಿ

ನಿಮ್ಮ ಸಮಯದ ಮುಕ್ಕಾಲು ಪಾಲು ಇಲ್ಲಿ ಖರ್ಚಾಗಬೇಕು.

ಮಾರುವವರು ಹೇಳಿದ ಬೆಲೆ ಕಿವಿಗೆ ಬಿದ್ದ ಕ್ಷಣದಿಂದ ನಮ್ಮ ಬುದ್ಧಿ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಕಡಿಮೆ, ಇಲ್ಲವೇ ಸ್ವಲ್ಪ ಜಾಸ್ತಿ ಎಂದು ಯೋಚಿಸುತ್ತೇವೆಯೇ ಹೊರತು ಅದನ್ನು ಬಿಟ್ಟು ಯೋಚಿಸುವುದಿಲ್ಲ. ಕಸುಬಿನವರೂ ಇದರಿಂದ ಪಾರಾಗಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಇಬ್ಬರು ಸಂಶೋಧಕರು ಮನೆ ಮಾರಾಟದ ಏಜೆಂಟರನ್ನೇ ಒಂದು ಮನೆಗೆ ಕರೆದೊಯ್ದು, ಒಂದೇ ಮನೆಗೆ ಬೇರೆ ಬೇರೆಯವರಿಗೆ ಬೇರೆ ಬೇರೆ ಬೆಲೆಪಟ್ಟಿ ಕೊಟ್ಟು ನೋಡಿದರು. ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ಹೆಚ್ಚು ಬೆಲೆಯ ಪಟ್ಟಿ ಹಿಡಿದವರು ಮನೆಗೆ ಹೆಚ್ಚು ಮೌಲ್ಯ ಕಟ್ಟಿದ್ದರು, ಕಡಿಮೆ ಬೆಲೆಯ ಪಟ್ಟಿ ಹಿಡಿದವರು ಕಡಿಮೆ. ಪಟ್ಟಿಯ ಬೆಲೆ ನೋಡಿ ನಿರ್ಧರಿಸಿದಿರಾ ಎಂದು ಕೇಳಿದರೆ ಹೆಚ್ಚಿನವರು ಇಲ್ಲವೆಂದರಂತೆ.

ಪೈಪೋಟಿಯ ಮಾರುಕಟ್ಟೆಯಲ್ಲಿ ಕೇಳುವ ಬೆಲೆಗೆ ಇನ್ನೊಂದು ಕೆಲಸವೂ ಇದೆ. ಅದನ್ನು ಬೇಕೆಂದೇ ತಗ್ಗಿಸಿ ಇಟ್ಟಿರುತ್ತಾರೆ. ಮೂಗಿಗೆ ತುಪ್ಪ ಸವರಿ ಜನ ಸೇರಿಸುವುದು, ಸೇರಿದ ಜನ ತಾವಾಗಿಯೇ ಬೆಲೆ ಏರಿಸಿಕೊಳ್ಳುವಂತೆ ಮಾಡುವುದು. ಆದ್ದರಿಂದ ‘ಕೇಳಿದ್ದಕ್ಕಿಂತ ಶೇ 5 ಹೆಚ್ಚು ಕೊಟ್ಟೆ’ ಎಂಬುದರಿಂದ ನೀವು ಹೆಚ್ಚು ಕೊಟ್ಟಿರೋ ಕಡಿಮೆ ಕೊಟ್ಟಿರೋ ತಿಳಿಯುವುದಿಲ್ಲ.

ಹಾಗಾದರೆ ತಿಳಿಯುವುದು ಯಾವುದರಿಂದ? ಅದೇ ಆಸುಪಾಸಿನಲ್ಲಿ, ಅದೇ ಬಗೆಯ, ಇತ್ತೀಚೆಗೆ ಮಾರಾಟವಾದ ಮೂರು ನಾಲ್ಕು ಮನೆಗಳಿಂದ. ಮಾರಾಟಕ್ಕಿರುವ ಮನೆಗಳಲ್ಲ, ಮಾರಾಟವಾಗಿ ಹೋದವು. ನಮ್ಮ ಲೆಕ್ಕಕ್ಕೆ ಇಂಥ ಮೂರು ಸಿಕ್ಕಿವೆ ಎನ್ನೋಣ.

ಮೊದಲನೆಯದು ಎರಡು ತಿಂಗಳ ಹಿಂದೆ 110ಕ್ಕೆ ಹೋಯಿತು. ಆದರೆ ಅದರಲ್ಲಿ ನಮ್ಮ ಮನೆಯಲ್ಲಿಲ್ಲದ ಒಂದು ಕೋಣೆ ಹೆಚ್ಚಿಗೆ ಇದೆ. ಆ ಕೋಣೆಗೆ 5 ಎಂದು ಹಿಡಿದರೆ, 110ರಲ್ಲಿ 5 ಕಳೆದು 105. ಎರಡನೆಯದು ಹೋದ ತಿಂಗಳಷ್ಟೇ, ಅದೇ ಬೀದಿಯಲ್ಲಿ 97ಕ್ಕೆ ಮಾರಾಟವಾಗಿದೆ. ಅದರ ವೈರಿಂಗ್ ಮತ್ತು ಅಡುಗೆಮನೆ ಹಳೆಯವು, ನಮ್ಮದರಲ್ಲಿ ಎರಡೂ ಹೊಸವು. ಅವನ್ನು ಹೊಸದು ಮಾಡಿಸಲು 6 ಬೇಕೆಂದರೆ, 97ಕ್ಕೆ 6 ಕೂಡಿಸಿ 103. ಮೂರನೆಯದು ನಮ್ಮ ಮನೆಯ ಅವಳಿಯಂತಿದೆ, 100ಕ್ಕೆ ಹೋಗಿದೆ. ಆದರೆ ಅದು ಎಂಟು ತಿಂಗಳ ಹಿಂದಿನ ಮಾತು. ಅಲ್ಲಿಂದೀಚೆಗೆ ಬೆಲೆ ತಿಂಗಳಿಗೆ ಶೇ 0.75ರಂತೆ ಏರಿದ್ದರೆ ಇಂದಿಗೆ 106.

ಕೂಡುವುದೋ ಕಳೆಯುವುದೋ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಹೊಂದಾಣಿಕೆ ಯಾವಾಗಲೂ ಮಾರಾಟವಾದ ಮನೆಯ ಬೆಲೆಯಲ್ಲಿ. ಅದರಲ್ಲಿ ಹೆಚ್ಚಿಗೆ ಇರುವುದನ್ನು ಕಳೆಯಬೇಕು, ಕಡಿಮೆ ಇರುವುದನ್ನು ಕೂಡಬೇಕು. ಅದನ್ನು ನಮ್ಮ ಮನೆಯಂತೆಯೇ ಮಾಡಿದರೆ ಎಷ್ಟಕ್ಕೆ ಹೋಗುತ್ತಿತ್ತು ಎಂಬುದೇ ಪ್ರಶ್ನೆ.

103, 105, 106. ಸರಾಸರಿ ತೆಗೆಯುವ ಆಸೆಯಾಗುತ್ತದೆ, ಬೇಡ. ಮೂರನೆಯ ಮನೆಯ ಅಂಕಿ ನಿಂತಿರುವುದು ‘ಬೆಲೆ ಏರಿದೆ’ ಎಂಬ ಅಂದಾಜಿನ ಮೇಲೆ. ಎರಡನೆಯದು ತಾಜಾ, ಅದೇ ಬೀದಿಯದು. ಅದಕ್ಕೇ ಹೆಚ್ಚು ತೂಕ ಕೊಟ್ಟು ನಾನು 104 ಎಂದು ಬರೆಯುತ್ತೇನೆ. ಅಲ್ಲಿಗೆ, 100 ಎಂಬುದು ಜನ ಸೇರಿಸಲು ಇಟ್ಟ ಬೆಲೆ ಎಂಬುದೂ ಗೊತ್ತಾಯಿತು.

3. ಮನೆಯ ಹುಳುಕು

104 ಎಂಬುದು ನೆಟ್ಟಗಿರುವ ಮನೆಯ ಬೆಲೆ. ಇದರ ಚಾವಣಿಯ ಮೂಲೆಯಲ್ಲಿ ಹೊಸ ಬಣ್ಣದ ಒಂದು ತೇಪೆ ಇತ್ತಲ್ಲ, ಸುತ್ತಲಿನ ಗೋಡೆಗಿಂತ ಒಂದಿಷ್ಟು ಬೆಳ್ಳಗೆ? ಅದರಡಿ ಸಾಮಾನ್ಯವಾಗಿ ನೀರಿನ ಕಲೆ ಇರುತ್ತದೆ. ತಿಳಿದ ಎಂಜಿನಿಯರೊಬ್ಬರನ್ನು ಆಫರ್ ಕೊಡುವ ಮೊದಲೇ ಕರೆದೊಯ್ದು ತೋರಿಸಿ. ಪೈಪೋಟಿಯ ಬಿಸಿಯಲ್ಲಿ ‘ತಪಾಸಣೆ ಬೇಡ, ಹಾಗೇ ಕೊಳ್ಳುತ್ತೇವೆ’ ಎಂದು ಬರೆದುಕೊಡುವವರಿದ್ದಾರೆ. ನಾನಂತೂ ಅದನ್ನು ಒಪ್ಪುವುದಿಲ್ಲ. ತಪಾಸಣೆಯನ್ನು ಷರತ್ತಿನಿಂದ ತೆಗೆದರೆ ಮಾರುವವರಿಗೆ ಖುಷಿಯಾಗುವುದು ನಿಜ. ಆ ಖುಷಿಯನ್ನು ಮೊದಲೇ ತಪಾಸಣೆ ಮುಗಿಸಿಯೂ ಕೊಡಬಹುದು.

ಸೋರಿಕೆ ಸರಿಪಡಿಸಲು 3 ತಗಲುತ್ತದೆ ಎಂದು ಎಂಜಿನಿಯರು ಹೇಳಿದರು ಎನ್ನಿ. ಉಳಿದದ್ದು 101.

4. ಜನ ಹೆಚ್ಚಿದ್ದಾರೆ ಎಂದರೆ ಏರಿಸುವುದೇ?

ಏಳು ಜನ ಒಂದೇ ಮನೆಗೆ ಪ್ರಾಮಾಣಿಕವಾಗಿ ಬೆಲೆ ಕಟ್ಟಿದ್ದಾರೆ ಎಂದಿಟ್ಟುಕೊಳ್ಳಿ: 98, 100, 101, 103, 104, 106, 112. ಸರಾಸರಿ 103ರ ಮೇಲೆ ಚೂರು. ಮನೆಯ ನಿಜವಾದ ಮೌಲ್ಯವೂ ಅಲ್ಲೇ ಎಲ್ಲೋ ಇರಬೇಕು. ಆದರೆ ಮನೆ ಸಿಗುವುದು ಸರಾಸರಿಯವರಿಗಲ್ಲ, 112 ಎಂದವರಿಗೆ. ಅಂದರೆ ಎಲ್ಲರಿಗಿಂತ ದೊಡ್ಡದಾಗಿ ತಪ್ಪು ಲೆಕ್ಕ ಹಾಕಿದವರಿಗೆ. ಏಳರ ಬದಲು ಇಪ್ಪತ್ತು ಜನ ಸೇರಿದರೆ ಅವರಲ್ಲಿ ಇನ್ನೂ ದೊಡ್ಡ ತಪ್ಪು ಮಾಡುವವರೊಬ್ಬರು ಸಿಗುವ ಸಂಭವ ಹೆಚ್ಚು.

ಇದನ್ನು ಮೊದಲು ಬಿಡಿಸಿ ಹೇಳಿದವರು ಮನೆ ಮಾರುವವರಲ್ಲ, ತೈಲ ಕಂಪನಿಯ ಮೂವರು ಎಂಜಿನಿಯರುಗಳು: ಕೇಪೆನ್, ಕ್ಲಾಪ್ ಮತ್ತು ಕ್ಯಾಂಪ್‌ಬೆಲ್. ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ತೆಗೆಯುವ ಹಕ್ಕನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಎಣಿಸಿದಷ್ಟು ಲಾಭ ಏಕೆ ಬರುತ್ತಿಲ್ಲ ಎಂದು ಅವರು 1971ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅರ್ಥಶಾಸ್ತ್ರದಲ್ಲಿ ಇದಕ್ಕೆ ‘ಗೆದ್ದವನ ಶಾಪ’ ಎಂದೇ ಹೆಸರಾಗಿದೆ. ಗುಂಪು ದೊಡ್ಡದಾದಷ್ಟೂ ನಿಮ್ಮ ಅಂದಾಜನ್ನು ಒಂದಿಷ್ಟು ಇಳಿಸಿಕೊಳ್ಳಬೇಕು ಎಂಬುದು ಅವರ ಲೆಕ್ಕದ ಸಾರ. ಮನಸ್ಸು ಹೇಳುವುದು ಇದಕ್ಕೆ ಸರಿಯಾಗಿ ತಿರುಗುಮುರುಗು.

ಹಾಗೆಂದು ಎಲ್ಲವನ್ನೂ ಇಳಿಸಬೇಕಿಲ್ಲ. ಮನೆ ನಿಮ್ಮ ಕೆಲಸದ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರ ಎಂಬುದು ನಿಮಗೊಬ್ಬರಿಗೇ ಸೇರಿದ ಲಾಭ, ಅದರಲ್ಲಿ ತಪ್ಪು ಅಂದಾಜಿನ ಮಾತು ಬರುವುದಿಲ್ಲ. ಇಳಿಸಬೇಕಾದದ್ದು ಮಾರುಕಟ್ಟೆ ಮೌಲ್ಯದ ಅಂದಾಜನ್ನು. ನಮ್ಮ ಮನೆಗೆ ಏಳು ಜನ ಬಂದಿದ್ದಾರೆ, ಹಾಗಾಗಿ 104ರ ಬದಲು ತಾಜಾ ಮಾರಾಟದ 103ನ್ನೇ ಹಿಡಿಯುತ್ತೇನೆ. ರಿಪೇರಿಯ 3 ಕಳೆದರೆ 100.

5. ಮಿತಿಯನ್ನು ಬರೆದಿಡಿ

ಈಗ ಈ ಮನೆ ತಪ್ಪಿದರೆ ನಿಮಗಾಗುವ ನಷ್ಟವೆಷ್ಟು? ‘ತುಂಬಾ’ ಎನ್ನಬೇಡಿ, ಅಂಕಿಯಲ್ಲಿ ಹೇಳಿ. ಇಂಥದೇ ಇನ್ನೊಂದು ಸಿಗಲು ನಾಲ್ಕು ತಿಂಗಳು ಬೇಕು, ಬೆಲೆ ತಿಂಗಳಿಗೆ ಶೇ 0.75ರಂತೆ ಏರುತ್ತಿದೆ ಎಂದರೆ ಕಾಯುವುದರ ಬೆಲೆ ಹೆಚ್ಚುಕಡಿಮೆ 3. ಏರಿಕೆ ಹೀಗೇ ನಡೆಯುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲವಾದ್ದರಿಂದ ನಾನು 2 ಎಂದು ಹಿಡಿಯುತ್ತೇನೆ. ಎರಡು ಮೂರು ವರ್ಷದಲ್ಲೇ ಮಾರಿ ಹೋಗುವ ಅಂದಾಜಿದ್ದರೆ ಅದನ್ನೂ ಸೇರಿಸುವುದಿಲ್ಲ, ಏಕೆಂದರೆ ಕೊಳ್ಳುವ ಮಾರುವ ಖರ್ಚೇ ನಿಮ್ಮನ್ನು ತಿಂದುಹಾಕುತ್ತದೆ. ಹೀಗೆ ನಮ್ಮ ಮಿತಿ 102.

ಇದಕ್ಕೆ ಇನ್ನೊಂದು ಬೇಲಿ ಇದೆ, ಬ್ಯಾಂಕಿನ ಮೌಲ್ಯಮಾಪನ. ನೀವು ಭಾವಾವೇಶದಲ್ಲಿ 108 ಎಂದಿರಿ, ಬ್ಯಾಂಕು ಮೌಲ್ಯದ ಶೇ 80ರಷ್ಟು ಸಾಲ ಕೊಡುತ್ತದೆ ಎನ್ನಿ. ಬ್ಯಾಂಕಿನವರೂ 108 ಎಂದರೆ ಸಾಲ 86.4, ನಿಮ್ಮ ಕೈಯಿಂದ 21.6. ಆದರೆ ಅವರ ಮೌಲ್ಯಮಾಪಕರು ಬಂದು ನೋಡಿ 100 ಎಂದು ಬರೆದರೆ ಸಾಲ 80ಕ್ಕೇ ನಿಲ್ಲುತ್ತದೆ, ನಿಮ್ಮ ಕೈಯಿಂದ 28 ಹೋಗಬೇಕು. ಬೆಲೆ ಬದಲಾಗಿಲ್ಲ, ಮನೆ ಬದಲಾಗಿಲ್ಲ, ನೀವು ಹೊಂದಿಸಬೇಕಾದ ನಗದು ಮಾತ್ರ ಶೇ 30ರಷ್ಟು ಏರಿತು. ಮುಂಗಡ ಕೊಟ್ಟಾದ ಮೇಲೆ ಇದು ಗೊತ್ತಾದರೆ ಆ ಮುಂಗಡಕ್ಕೂ ಸಂಚಕಾರ. ಲೆಕ್ಕದಿಂದ ಬಂದ ಮಿತಿ, ನಗದಿನಿಂದ ಬರುವ ಮಿತಿ ಎರಡರಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮ ಕೊನೆಯ ಬೆಲೆ.

ಅದನ್ನು ಚೀಟಿಯಲ್ಲಿ ಬರೆದು, ಮನೆಯಲ್ಲಿ ನಿರ್ಧಾರ ಮಾಡುವವರೆಲ್ಲರೂ ಸಹಿ ಹಾಕಿ. ಸಹಿಯೆಂದರೆ ನಗಬೇಡಿ; ರಾತ್ರಿ ಫೋನ್ ಬಂದಾಗ ‘ಮನೆಯಲ್ಲಿ ಕೇಳಬೇಕು’ ಎಂದು ಹೇಳಲು ಆ ಸಹಿಯೇ ಆಧಾರ.

6. ಎಷ್ಟು ಹೇಳುವುದು, ಹೇಗೆ ಹೇಳುವುದು

ಮಿತಿ 102 ಎಂದರೆ 102 ಎಂದೇ ಬಾಯಿಬಿಡಬೇಕೆಂದಿಲ್ಲ. ಆಟದ ನಿಯಮ ಯಾವುದು ಎಂದು ದಲ್ಲಾಳಿಯನ್ನು ಕೇಳಿ ತಿಳಿದುಕೊಳ್ಳಿ.

ಎಲ್ಲರೆದುರು ಕೂಗುವ ಹರಾಜಾದರೆ ಸುಲಭ: ಮಿತಿ ಬರುವವರೆಗೆ ಕೂಗಿ, ಬಂದೊಡನೆ ನಿಲ್ಲಿಸಿ. ಮುಚ್ಚಿದ ಲಕೋಟೆಯಲ್ಲಿ ಒಂದೇ ಸಲ ಬರೆದು ಕೊಡಬೇಕಾದರೆ ಬುದ್ಧಿಗೆ ಕೆಲಸ. ಇಬ್ಬರೇ ಇದ್ದರೆ ಮಿತಿಗಿಂತ ಎರಡು ಮೂರು ಕೆಳಗೆ ಬರೆಯಬಹುದು. ಏಳು ಜನರಿದ್ದರೆ ಅಷ್ಟು ಅಂತರ ಬಿಡುವಂತಿಲ್ಲ, ಮಿತಿಯ ಸಮೀಪಕ್ಕೇ ಹೋಗಬೇಕು. ಗಮನಿಸಿ, ಜನ ಹೆಚ್ಚಿದ್ದರಿಂದ ಮಿತಿ ಇಳಿದಿದೆ, ಆದರೆ ಮಿತಿಗೂ ಆಫರಿಗೂ ಇರುವ ಅಂತರವೂ ಕಿರಿದಾಗಿದೆ. ಹೆಚ್ಚಿನವರು 101, 102 ಎಂಬ ದುಂಡು ಅಂಕಿ ಬರೆಯುತ್ತಾರೆ, ಆದ್ದರಿಂದ ನಾನು 101.3 ಬರೆಯುತ್ತೇನೆ. ಆ 0.3 ಎಷ್ಟೋ ಸಲ ಸಮಬಲವನ್ನು ಮುರಿಯುತ್ತದೆ.

ಕೆಲವೆಡೆ ‘ಯಾರು ಎಷ್ಟು ಕೊಟ್ಟರೂ ಅದಕ್ಕಿಂತ 0.5 ಹೆಚ್ಚು, ಆದರೆ 102 ಮೀರದಂತೆ’ ಎಂದು ಬರೆದುಕೊಡುವ ಪದ್ಧತಿ ಇದೆ. ಇದು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ವಿವರಿಸಿದ ಹರಾಜನ್ನು ಹೋಲುತ್ತದೆ. ಗೆದ್ದವರು ತಮ್ಮ ಬೆಲೆಯನ್ನಲ್ಲ, ಎರಡನೆಯವರ ಬೆಲೆಯನ್ನು ಕೊಟ್ಟರೆ ಸಾಕು ಎಂಬ ನಿಯಮವಿದ್ದರೆ, ತನ್ನ ನಿಜವಾದ ಬೆಲೆಯನ್ನು ಬರೆಯುವುದೇ ಎಲ್ಲರಿಗೂ ಲಾಭ ಎಂದು ಅವರು ತೋರಿಸಿದ್ದರು. ಆದರೆ ಆ ಹರಾಜಿನಲ್ಲಿ ಲಕೋಟೆ ತೆರೆಯುವವರು ನಂಬಿಕಸ್ಥರು. ಇಲ್ಲಿ ನಿಮ್ಮ 102 ಮಾರುವವರ ಕಣ್ಣಿಗೇ ಬೀಳುತ್ತದೆ, ಆಮೇಲೆ 100.5ಕ್ಕೆ ಒಪ್ಪಲು ಅವರಿಗೇನು ದರ್ದು? ಎರಡನೆಯವರ ಆಫರನ್ನು ಬರಹದಲ್ಲಿ ತೋರಿಸುವ ಷರತ್ತಿಲ್ಲದೆ ಇದಕ್ಕೆ ಕೈಹಾಕಬೇಡಿ.

7. ಬೆಲೆಯಲ್ಲದ ಬೆಲೆ

ಮಾರುವವರಿಗೆ ಯಾವ ದಿನ ಮನೆ ಬಿಡಲು ಅನುಕೂಲ ಎಂದು ಕೇಳಿ. ಅವರ ಹೊಸ ಮನೆ ಸಿದ್ಧವಾಗಲು ಇನ್ನೂ ಎರಡು ತಿಂಗಳಿದ್ದರೆ, ಅಲ್ಲಿಯವರೆಗೆ ಕಾಯುತ್ತೇವೆ ಎಂಬ ಒಂದು ಸಾಲು ನಿಮ್ಮ ಆಫರನ್ನು 103ರ ಆಫರಿಗೆ ಸಮನಾಗಿ ನಿಲ್ಲಿಸಬಹುದು. ಬ್ಯಾಂಕಿನ ಮಂಜೂರಾತಿ ಪತ್ರವನ್ನು ಆಫರಿನ ಜೊತೆಗೇ ಇಡಿ.

ದಲ್ಲಾಳಿಯ ಲೆಕ್ಕವೂ ಗೊತ್ತಿರಲಿ. ಷಿಕಾಗೊ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿದ ಲೆವಿಟ್ ಮತ್ತು ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಬರೆದಂತೆ, ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಒಂಬತ್ತೂವರೆ ದಿನ ಹೆಚ್ಚು ಕಾದು, ಶೇ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರೆ. ಬೇರೆಯವರ ಮನೆಯಾದರೆ ಕೊನೆಯ ಒಂದೆರಡು ಶೇಕಡಾಕ್ಕಿಂತ ವ್ಯವಹಾರ ಬೇಗ ಮುಗಿಯುವುದೇ ಅವರಿಗೆ ಮುಖ್ಯ. ಅಂದಮೇಲೆ ಕಾಗದಪತ್ರ ಅಚ್ಚುಕಟ್ಟಾಗಿರುವ, ನಡುವೆ ಮುರಿದು ಬೀಳದ ಆಫರಿನ ಪರವಾಗಿ ಅವರೇ ಎರಡು ಮಾತು ಆಡಿಯಾರು.

ಇಷ್ಟಾದ ಮೇಲೂ ಮನೆ ಬೇರೆಯವರ ಪಾಲಾಗಬಹುದು. ಆಗ ಎರಡು ಕೆಲಸ ಮಾಡಿ. ಆ ವ್ಯವಹಾರ ಮುರಿದರೆ ನಿಮ್ಮ ಆಫರ್ ಇದ್ದೇ ಇದೆ ಎಂದು ಬರಹದಲ್ಲಿ ತಿಳಿಸಿ. ಸಾಲ ಸಿಗದೆ ಹಿಂದೆ ಸರಿಯುವವರು ಎಲ್ಲ ಕಡೆಯೂ ಇರುತ್ತಾರೆ. ಮತ್ತೆ ಒಂದೆರಡು ತಿಂಗಳು ಬಿಟ್ಟು, ನೋಂದಣಿಯಾದ ಮೇಲೆ, ಕೊನೆಗೆ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಿ ಬರೆದಿಟ್ಟುಕೊಳ್ಳಿ. ಮುಂದಿನ ಮನೆಗೆ ಬೆಲೆ ಕಟ್ಟಲು ಕುಳಿತಾಗ, ಪಟ್ಟಿಯ ಮೊದಲ ಸಾಲಿನಲ್ಲಿ ಬರಬೇಕಾದ ತಾಜಾ ಮಾರಾಟ ಅದೇ.